ಅಂಗವಿಕಲ ಮಕ್ಕಳ ಭೌತಚಿಕಿತ್ಸೆ ಮತ್ತು ಔದ್ಯೋಗಿಕ ಚಿಕಿತ್ಸೆ: ಒಂದು ಐತಿಹಾಸಿಕ ವಿವೇಚನೆ

೧

೧೭೪೧ನೆಯ ಇಸವಿಯಲ್ಲಿ, ಎಂಬತ್ತು ವರ್ಷ ದಾಟಿದ್ದ ನಿಕೊಲಾ ಆಂದ್ರಿ ಎಂಬ ವೈದ್ಯನು ಪ್ಯಾರಿಸ್ ನಗರದಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಮಕ್ಕಳ ದೇಹದಲ್ಲಿ ತಲೆದೋರುವ ವಕ್ರತೆಗಳನ್ನು ತಡೆಯುವ ಮತ್ತು ತಿದ್ದುವ ಉಪಾಯಗಳನ್ನು ತಂದೆತಾಯಿಗಳಿಗೆ ತಿಳಿಯಹೇಳುವುದು ಅದರ ಉದ್ದೇಶ. ಗ್ರೀಕ್ ಭಾಷೆಯಲ್ಲಿ 'ನೇರ' ಎಂಬ ಅರ್ಥದ ಒಂದು ಶಬ್ದವನ್ನೂ 'ಮಗು' ಎಂಬ ಅರ್ಥದ ಇನ್ನೊಂದು ಶಬ್ದವನ್ನೂ ಕೂಡಿಸಿ ಆತನು ಈ ವಿದ್ಯೆಗೆ 'ಆರ್ಥೊಪೀಡಿ' ಎಂದು ಹೆಸರಿಟ್ಟನು. ಇಂದು ಎಲುಬು ಕೀಲುಗಳ ವೈದ್ಯಕ್ಕೆಲ್ಲ ಸಾಮಾನ್ಯವಾಗಿ ಸಲ್ಲುವ ಈ ಹೆಸರು ಹುಟ್ಟಿದ ಕಾಲದಲ್ಲಿ ಮಗುವನ್ನು ಕುರಿತದ್ದಾಗಿತ್ತೆಂಬುದು ಗಮನಿಸತಕ್ಕ ಸಂಗತಿ. ಆ ಗ್ರಂಥದಲ್ಲಿ ಒಂದು ಚಿತ್ರವಿದೆ: ಡೊಂಕಾಗಿ ಬೆಳೆದ ಎಳೆಯ ಮರವೊಂದನ್ನು ನೆಟ್ಟಗಿರುವ ಗೂಟಕ್ಕೆ ಹಗ್ಗದಿಂದ ಸುತ್ತಿ ಕಟ್ಟಿದ್ದಾರೆ. ಅನೇಕ ದೇಶಗಳ ಎಲುಬುವೈದ್ಯರ ಸಂಘಗಳು ಈಗಲೂ ಇದನ್ನೇ ತಮ್ಮ ಲಾಂಛನವಾಗಿ ಇಟ್ಟುಕೊಂಡಿವೆ.

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?' ಎಂಬ ಗಾದೆಯನ್ನು ಬಲ್ಲ ಕನ್ನಡಿಗರಿಗೆ ಈ ಚಿತ್ರ ಅಪರಿಚಿತವೆನಿಸದು. ಆಂದ್ರಿಗೆ ಗಿಡ ನೆಟ್ಟಗಾಗಬೇಕು. ನಮ್ಮ ಗಾದೆಗೆ ಗಿಡ ಬಗ್ಗಬೇಕು. ಎರಡರಲ್ಲಿಯೂ ಎಳೆಯದು ಹೇಗಿರಬೇಕೆಂದು ನಿರ್ಣಯಿಸುವವನು ಹೊರಗೆ ನಿಂತಿದ್ದಾನೆ. ಅಂಗವೈಕಲ್ಯವುಳ್ಳ ಮಕ್ಕಳಿಗಾಗಿ ಬೆಳೆದುಬಂದಿರುವ ಎರಡು ವಿದ್ಯೆಗಳ, ಅಂದರೆ ಫಿಸಿಯೋಥೆರಪಿ ಎಂದು ರೂಢಿಯಲ್ಲಿರುವ ಭೌತಚಿಕಿತ್ಸೆಯ ಮತ್ತು ಆಕ್ಯುಪೇಷನಲ್ ಥೆರಪಿ ಎಂಬ ಔದ್ಯೋಗಿಕ ಚಿಕಿತ್ಸೆಯ, ಇತಿಹಾಸವನ್ನು ಅವಲೋಕಿಸಿದರೆ ಅದು ಬಹುಮಟ್ಟಿಗೆ ಒಂದೇ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಬೇರೆ ಬೇರೆ ಉತ್ತರಗಳ ಇತಿಹಾಸವೆಂದು ತೋರುತ್ತದೆ. ತಿದ್ದಬೇಕಾದದ್ದು ಯಾವುದು? ಮೊದಲು ಅದು ಅವಯವವೆಂದರು, ಅನಂತರ ಸ್ನಾಯುವೆಂದರು, ಆಮೇಲೆ ಮಿದುಳೆಂದರು. ಮಗುವಿನ ದಿನಚರಿಯನ್ನೂ ಅದು ಬಾಳುವ ಮನೆ, ಬೀದಿ, ಶಾಲೆಗಳನ್ನೂ ನೋಡಬೇಕೆಂಬ ಮಾತು ಕೊನೆಗೆ ಬಂದಿತು. ಈ ಉತ್ತರಗಳು ಕೇವಲ ಪಂಡಿತರ ವಾದಗಳಲ್ಲ. ಒಂದೊಂದು ಉತ್ತರವೂ ಸಾವಿರಾರು ಮಕ್ಕಳ ಬಾಲ್ಯದ ಗಂಟೆಗಳನ್ನು ಹೇಗೆ ಕಳೆಯಬೇಕೆಂದು ವಿಧಿಸಿತು. ಪ್ರಕೃತ ಲೇಖನದಲ್ಲಿ ಈ ವಿಚಾರದ ಬೆಳವಣಿಗೆಯನ್ನು ಸ್ಥೂಲವಾಗಿ ನಿರೂಪಿಸಲು ಪ್ರಯತ್ನಿಸಲಾಗಿದೆ.

೨

ಆಂದ್ರಿಯ ಗ್ರಂಥ ಗೃಹವೈದ್ಯದ ಕೈಪಿಡಿ. ಮಕ್ಕಳಿಗೆಂದೇ ಇಂಥ ಚಿಕಿತ್ಸೆಯ ಮೊದಲ ಸಂಸ್ಥೆಯನ್ನು ೧೭೮೦ರಲ್ಲಿ ಸ್ವಿಟ್ಜರ್ಲೆಂಡಿನ ಆರ್ಬ್ ಎಂಬ ಊರಿನಲ್ಲಿ ಝಾಂ ಆಂದ್ರೆ ವೆನೆಲ್ ಎಂಬ ವೈದ್ಯನು ಸ್ಥಾಪಿಸಿದನು. ವಕ್ರಪಾದ ಮತ್ತು ಬೆನ್ನುಮೂಳೆಯ ವಕ್ರತೆಗಳಿಗೆ ಆತನು ಪಟ್ಟಿ, ಪಾದರಕ್ಷೆ ಮತ್ತಿತರ ಸಾಧನಗಳನ್ನು ರಚಿಸಿ ಬಳಸಿದನು. ಇಲ್ಲಿಯೂ ಗೂಟ ಮತ್ತು ಹಗ್ಗದ ತತ್ತ್ವವೇ ನಡೆದುಬಂದಿತು.

ಮುಂದಿನ ಹೆಜ್ಜೆಯನ್ನಿಟ್ಟವನು ತಾನೇ ಅಂಗವಿಕಲನಾಗಿದ್ದ ವೈದ್ಯ. ಲಂಡನ್ನಿನ ವಿಲಿಯಂ ಜಾನ್ ಲಿಟ್ಲ್ (೧೮೧೦-೧೮೯೪) ಬಾಲ್ಯದ ಕಾಯಿಲೆಯೊಂದರಿಂದ ಎಡಪಾದ ತಿರುಚಿಕೊಂಡವನು. ಜರ್ಮನಿಯ ಹ್ಯಾನೋವರಿನಲ್ಲಿ ಸ್ಟ್ರೋಮೆಯರ್ ಎಂಬ ಶಸ್ತ್ರವೈದ್ಯನು ಚರ್ಮದಲ್ಲಿ ಚಿಕ್ಕ ರಂಧ್ರ ಮಾಡಿ ಹಿಮ್ಮಡಿಯ ಸ್ನಾಯುರಜ್ಜುವನ್ನು ಕತ್ತರಿಸುವ ಹೊಸ ವಿಧಾನವನ್ನು ಕಂಡುಹಿಡಿದಿದ್ದನು. ೧೮೩೬ರಲ್ಲಿ ಲಿಟ್ಲ್ ಅಲ್ಲಿಗೆ ಹೋಗಿ ತನ್ನ ಕಾಲನ್ನೇ ಈ ಪ್ರಯೋಗಕ್ಕೊಡ್ಡಿ ಗುಣ ಹೊಂದಿದನು. ಹಿಂದಿರುಗಿ ಬಂದ ಕೆಲವೇ ವರ್ಷಗಳಲ್ಲಿ ಬಡವರಿಗಾಗಿ ಲಂಡನ್ನಿನಲ್ಲಿ ಒಂದು ಚಿಕಿತ್ಸಾಲಯವನ್ನು ಕಟ್ಟಿದನು. ಈ ಮೂಲಪುರುಷರಲ್ಲಿ ಅನೇಕರು ಸ್ವತಃ ವೈಕಲ್ಯವನ್ನು ಅನುಭವಿಸಿದವರೆಂಬುದು ಮುಂದೆಯೂ ಮತ್ತೆ ಮತ್ತೆ ಕಂಡುಬರುವ ಸಂಗತಿ.

ಆಗ್ನೆಸ್ ಹಂಟ್ (೧೮೬೬-೧೯೪೮) ಇಂಥ ಇನ್ನೊಬ್ಬ ವ್ಯಕ್ತಿ. ಬಾಲ್ಯದಲ್ಲಿ ಎಲುಬಿನ ಸೋಂಕಿನಿಂದ ಸೊಂಟದ ಕೀಲು ಕೆಟ್ಟು ಜೀವಮಾನವಿಡೀ ಕುಂಟಿದ ಈಕೆ ದಾದಿಯ ಶಿಕ್ಷಣ ಪಡೆದು, ೧೯೦೦ರಲ್ಲಿ ಇಂಗ್ಲೆಂಡಿನ ಷ್ರಾಪ್‌ಷೈರ್ ಪ್ರಾಂತದ ಬ್ಯಾಸ್‌ಚರ್ಚ್ ಎಂಬ ಹಳ್ಳಿಯಲ್ಲಿ ಒಂದು ಶುಶ್ರೂಷಾಗೃಹವನ್ನು ತೆರೆದಳು. ಹಳೆಯ ಮನೆಯ ಮಹಡಿಯ ಮೆಟ್ಟಿಲುಗಳ ಮೇಲೆ ಮಕ್ಕಳನ್ನು ಎತ್ತಿಕೊಂಡು ಹೋಗುವುದು ದುಸ್ಸಾಧ್ಯವಾದುದರಿಂದ ಅಂಗಳದಲ್ಲಿ ಒಂದು ಪಕ್ಕ ತೆರೆದ ಶೆಡ್ಡುಗಳನ್ನು ಕಟ್ಟಿಸಿ ಮಕ್ಕಳನ್ನು ಅಲ್ಲಿಯೇ ಮಲಗಿಸಿದಳು. ಗಾಳಿ ಬೆಳಕಿನಲ್ಲಿ ಮಕ್ಕಳು ಚೇತರಿಸಿಕೊಂಡದ್ದನ್ನು ಕಂಡು, ಲಿವರ್‌ಪೂಲಿನ ಪ್ರಸಿದ್ಧ ಶಸ್ತ್ರವೈದ್ಯ ರಾಬರ್ಟ್ ಜೋನ್ಸ್ ಈಕೆಯೊಡನೆ ಕೈಜೋಡಿಸಿದನು. ೧೯೨೧ರಲ್ಲಿ ಈ ಸಂಸ್ಥೆ ಆಸ್ವೆಸ್ಟ್ರಿಗೆ ವರ್ಗವಾಯಿತು. ೧೯೨೭ರಲ್ಲಿ ಅದಕ್ಕೆ ಹೊಂದಿಕೊಂಡಂತೆ ಅಂಗವಿಕಲ ತರುಣರಿಗೆ ಕೈಕಸುಬು ಕಲಿಸುವ ಶಾಲೆಯೊಂದು ಪ್ರಾರಂಭವಾಯಿತು. ಅವಯವವನ್ನು ನೇರಗೊಳಿಸಿದ ಮೇಲೆ ಮಗು ಏನು ಮಾಡಬೇಕೆಂಬ ಪ್ರಶ್ನೆಯನ್ನು ಈಕೆ ಬಿಟ್ಟುಬಿಡಲಿಲ್ಲ. ಎರಡು ವಿದ್ಯೆಗಳೂ ಒಂದೇ ಅಂಗಳದಲ್ಲಿ ಕೂಡಿದ ಮೊದಲ ನಿದರ್ಶನಗಳಲ್ಲಿ ಇದೂ ಒಂದು.

೩

ಲಿಟ್ಲನ ಹೆಸರು ವೈದ್ಯಶಾಸ್ತ್ರದಲ್ಲಿ ಉಳಿದಿರುವುದು ವಕ್ರಪಾದದಿಂದಲ್ಲ. ೧೮೬೧ರಲ್ಲಿ ಆತನು ಲಂಡನ್ನಿನ ಪ್ರಸೂತಿವೈದ್ಯರ ಸಂಘದ ಮುಂದೆ ಒಂದು ಪ್ರಬಂಧವನ್ನು ಓದಿದನು. ಕೈಕಾಲುಗಳು ಬಿಗಿದುಕೊಂಡು ತೊಡೆಗಳು ಕತ್ತರಿಯಂತೆ ಹೆಣೆದುಕೊಳ್ಳುವ ಅನೇಕ ಮಕ್ಕಳನ್ನು ಪರೀಕ್ಷಿಸಿ, ಅವರಲ್ಲಿ ಬಹುಮಂದಿ ಕಷ್ಟಪ್ರಸವದಿಂದ, ಅಕಾಲಪ್ರಸವದಿಂದ ಅಥವಾ ಹುಟ್ಟಿದೊಡನೆ ಉಸಿರಾಡದೆ ತೊಂದರೆಗೊಳಗಾದವರೆಂದು ಆತನು ತೋರಿಸಿದನು. ಬಹುಕಾಲ 'ಲಿಟ್ಲನ ರೋಗ' ಎಂದು ಕರೆಯಲ್ಪಟ್ಟ ಈ ಸ್ಥಿತಿಯೇ ಇಂದು ಸೆರೆಬ್ರಲ್ ಪಾಲ್ಸಿ ಎಂಬ ವಿಶಾಲವಾದ ಹೆಸರಿನಲ್ಲಿ ಅಡಗಿದೆ. ೧೮೯೭ರಲ್ಲಿ, ಮನೋವಿಶ್ಲೇಷಣೆಯ ಪ್ರವರ್ತಕನೆಂದು ಮುಂದೆ ಖ್ಯಾತನಾದ ಸಿಗ್ಮಂಡ್ ಫ್ರಾಯ್ಡ್ ಈ ವಿಷಯದ ಮೇಲೆ ದೊಡ್ಡ ಗ್ರಂಥವನ್ನು ಬರೆದು, ಕಷ್ಟಪ್ರಸವವೇ ಕಾರಣವೆನ್ನುವುದಕ್ಕಿಂತ ಗರ್ಭದಲ್ಲಿಯೇ ಉಂಟಾದ ದೋಷದ ಒಂದು ಲಕ್ಷಣವಾಗಿ ಪ್ರಸವವೂ ಕಷ್ಟವಾಗಿರಬಹುದೆಂಬ ಶಂಕೆಯನ್ನು ಮುಂದಿಟ್ಟನು. ಪ್ರಸವಕಾಲದ ಉಸಿರುಗಟ್ಟುವಿಕೆ ಅಲ್ಪಭಾಗಕ್ಕೆ ಮಾತ್ರ ಕಾರಣವೆಂದು ೧೯೮೦ರ ದಶಕದ ವ್ಯಾಪಕ ಅಧ್ಯಯನಗಳು ತೋರಿಸಿದಾಗ ಈ ಶಂಕೆಯಲ್ಲಿ ಹುರುಳಿತ್ತೆಂಬುದು ಸ್ಪಷ್ಟವಾಯಿತು.

ಇಲ್ಲಿ ಒಂದು ಭೇದವನ್ನು ವಿದ್ಯಾರ್ಥಿಗಳು ಮನಗಾಣಬೇಕು. ಪೋಲಿಯೊ ರೋಗದಲ್ಲಿ ಬೆನ್ನುಹುರಿಯ ಚಾಲಕ ನರಕೋಶಗಳು ನಾಶವಾಗುತ್ತವೆ. ಅವುಗಳ ಅಧೀನವಾದ ಸ್ನಾಯುಗಳು ಸೊರಗಿ ಸಡಿಲವಾಗುತ್ತವೆ. ಬುದ್ಧಿ ಮತ್ತು ಸ್ಪರ್ಶಜ್ಞಾನಗಳು ಎಂದಿನಂತಿರುತ್ತವೆ. ಆದುದರಿಂದ ಉಳಿದಿರುವ ಸ್ನಾಯುಗಳನ್ನು ಬಲಪಡಿಸುವುದು, ಆಧಾರಕ್ಕೆ ಕ್ಯಾಲಿಪರ್ ಕಟ್ಟುವುದು, ಊರುಗೋಲು ಕೊಡುವುದು ಅಲ್ಲಿ ಸಾರ್ಥಕ. ಸೆರೆಬ್ರಲ್ ಪಾಲ್ಸಿಯಲ್ಲಿಯಾದರೋ ಬೆಳೆಯುತ್ತಿರುವ ಮಿದುಳಿಗೆ ಪೆಟ್ಟು ಬಿದ್ದಿರುತ್ತದೆ. ಸ್ನಾಯು ಸತ್ತಿಲ್ಲ, ಅದಕ್ಕೆ ಬರುವ ಆಜ್ಞೆ ಕೆಟ್ಟಿದೆ. ಕೆಲವು ಸ್ನಾಯುಗಳು ಬಿಗಿದುಕೊಳ್ಳುತ್ತವೆ. ಕೆಲವು ಮಕ್ಕಳಲ್ಲಿ ಕೈಕಾಲುಗಳು ಇಚ್ಛೆಗೆ ವಿರುದ್ಧವಾಗಿ ಹೊರಳಾಡುತ್ತವೆ. ಮಿದುಳಿನ ಪೆಟ್ಟು ಹೆಚ್ಚುವುದಿಲ್ಲವಾದರೂ, ಮಗು ಬೆಳೆದಂತೆ ಎಲುಬು ಉದ್ದವಾಗಿ ಬಿಗಿದ ಸ್ನಾಯು ಅದಕ್ಕೆ ಸರಿಯಾಗಿ ಬೆಳೆಯದೆ ಕೀಲುಗಳು ಸೆಟೆದುಕೊಳ್ಳುತ್ತವೆ. ಗೂಟಕ್ಕೆ ಕಟ್ಟುವ ತತ್ತ್ವ ಇಂಥಲ್ಲಿ ಸಾಲದು. ಈ ಭೇದವನ್ನು ಚಿಕಿತ್ಸಕರು ಕಾರ್ಯತಃ ಅರಿತುಕೊಳ್ಳಲು ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೆ ಕಾಯಬೇಕಾಯಿತು.

೪

ಇಷ್ಟರಲ್ಲಿ ವೈದ್ಯರಲ್ಲದ ಚಿಕಿತ್ಸಕರ ಎರಡು ವೃತ್ತಿಗಳು ರೂಪುಗೊಂಡಿದ್ದವು. ವ್ಯಾಯಾಮದಿಂದ ಚಿಕಿತ್ಸೆ ಮಾಡುವ ಪದ್ಧತಿಗೆ ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್ ೧೮೧೩ರಲ್ಲಿ ಸ್ಟಾಕ್‌ಹೋಮಿನಲ್ಲಿ ಸ್ಥಾಪಿಸಿದ ಕೇಂದ್ರಸಂಸ್ಥೆ ಶಾಸ್ತ್ರೀಯ ರೂಪವನ್ನಿತ್ತಿತು. ಇಂಗ್ಲೆಂಡಿನಲ್ಲಿ ೧೮೯೪ರಲ್ಲಿ ನಾಲ್ವರು ದಾದಿಯರು ಅಂಗಮರ್ದನವನ್ನು ಗೌರವಾರ್ಹ ವೃತ್ತಿಯಾಗಿ ಮಾಡಲು ಸಂಘ ಕಟ್ಟಿದರು. ಇದೇ ಬೆಳೆದು ೧೯೪೪ರಲ್ಲಿ ಭೌತಚಿಕಿತ್ಸಕರ ಸಂಘವೆಂಬ ಹೆಸರನ್ನು ತಳೆಯಿತು.

ಎರಡನೆಯ ವೃತ್ತಿಯ ಮೂಲ ಮಾನಸಿಕ ಚಿಕಿತ್ಸಾಲಯಗಳಲ್ಲಿ ಮತ್ತು ಮೊದಲನೆಯ ಮಹಾಯುದ್ಧದ ಗಾಯಾಳುಗಳ ಶುಶ್ರೂಷೆಯಲ್ಲಿದೆ. ೧೯೧೭ರಲ್ಲಿ ನ್ಯೂಯಾರ್ಕ್ ಪ್ರಾಂತದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬಲ್ಲಿ ಕೆಲವೇ ಜನರು ಸೇರಿ ಔದ್ಯೋಗಿಕ ಚಿಕಿತ್ಸೆಯ ಪ್ರಸಾರಕ್ಕಾಗಿ ಒಂದು ಸಂಘವನ್ನು ಸ್ಥಾಪಿಸಿದರು; ಎಲಿನಾರ್ ಕ್ಲಾರ್ಕ್ ಸ್ಲೇಗಲ್ ಅವರಲ್ಲಿ ಪ್ರಮುಖಳು. ಈ ವಿದ್ಯೆಗೆ ತಾತ್ತ್ವಿಕ ನೆಲೆಯನ್ನು ಒದಗಿಸಿದವನು ಮನೋವೈದ್ಯ ಅಡಾಲ್ಫ್ ಮೇಯರ್. ದುಡಿಮೆ, ಆಟ, ವಿಶ್ರಾಂತಿ, ನಿದ್ರೆ ಎಂಬ ನಾಲ್ಕರ ಲಯದಲ್ಲಿ ಮನುಷ್ಯನ ಆರೋಗ್ಯವಿದೆಯೆಂದೂ, ಕಾಲವನ್ನು ತಕ್ಕ ರೀತಿಯಲ್ಲಿ ಕಳೆಯಲು ಕಲಿಯುವುದೇ ಚಿಕಿತ್ಸೆಯೆಂದೂ ೧೯೨೨ರಲ್ಲಿ ಅಚ್ಚಾದ ಉಪನ್ಯಾಸದಲ್ಲಿ ಆತನು ಪ್ರತಿಪಾದಿಸಿದನು.

'ಔದ್ಯೋಗಿಕ' ಎಂಬ ಕನ್ನಡ ಶಬ್ದದ ಬಗೆಗೆ ಇಲ್ಲಿ ಒಂದು ಮಾತು ಅವಶ್ಯ. 'ಉದ್ಯೋಗ' ಎಂದೊಡನೆ ಸಂಬಳದ ಕೆಲಸ ನಮ್ಮ ಮನಸ್ಸಿಗೆ ಬರುವುದರಿಂದ, ಮೂರು ವರ್ಷದ ಮಗುವಿಗೆ ಔದ್ಯೋಗಿಕ ಚಿಕಿತ್ಸೆಯೆಂದರೆ ಅನೇಕರಿಗೆ ವಿಚಿತ್ರವಾಗಿ ಕೇಳಿಸುತ್ತದೆ. ಮೂಲಶಬ್ದದ ಅರ್ಥ ಅದಕ್ಕಿಂತ ವಿಶಾಲವಾದದ್ದು: ಮನುಷ್ಯನು ತನ್ನ ಹೊತ್ತನ್ನು ಯಾವುದರಲ್ಲಿ ತೊಡಗಿಸುತ್ತಾನೋ ಅದೆಲ್ಲವೂ ಅದರಲ್ಲಿ ಸೇರುತ್ತದೆ. ಮಗುವಿನ ಪಾಲಿಗೆ ಆಟ, ಊಟ, ಸ್ನಾನ, ಬಟ್ಟೆ ತೊಡುವುದು, ಬಳಪ ಹಿಡಿಯುವುದು, ಜೊತೆಯವರೊಡನೆ ಜಗಳವಾಡುವುದು, ಇವೇ ಉದ್ಯೋಗಗಳು. ಭೌತಚಿಕಿತ್ಸಕನು ಮಗು ಹೇಗೆ ಚಲಿಸುತ್ತದೆಂದು ಕೇಳಿದರೆ, ಔದ್ಯೋಗಿಕ ಚಿಕಿತ್ಸಕನು ಅದು ಏತಕ್ಕಾಗಿ ಚಲಿಸುತ್ತದೆಂದು ಕೇಳುತ್ತಾನೆ. ಬೆನ್ನಿಗೂ ಪಾದಗಳಿಗೂ ಆಸರೆಯಿರುವಂತೆ ಮಗುವನ್ನು ಸರಿಯಾಗಿ ಕೂರಿಸಿದರೆ, ಬೀಳದಂತೆ ಹಿಡಿದುಕೊಳ್ಳುವ ಕೆಲಸದಿಂದ ಕೈಗಳು ಬಿಡುಗಡೆಯಾಗಿ ಬಳಪವನ್ನು ಹಿಡಿಯಬಲ್ಲವು. ಎರಡು ವಿದ್ಯೆಗಳೂ ಒಂದನ್ನೊಂದು ಅವಲಂಬಿಸಿರುವ ಬಗೆ ಈ ಒಂದು ನಿದರ್ಶನದಿಂದಲೇ ವಿಶದವಾಗುತ್ತದೆ.

೫

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಮಕ್ಕಳ ಭೌತಚಿಕಿತ್ಸೆಯನ್ನು ಬೆಳೆಸಿದ್ದು ಪೋಲಿಯೊ. ರೋಗ ತಗುಲಿದ ಅವಯವಗಳನ್ನು ಹಲಗೆಪಟ್ಟಿ ಮತ್ತು ಗಾರೆಯ ಕಟ್ಟುಗಳಿಂದ ತಿಂಗಳುಗಟ್ಟಲೆ ಅಲುಗಾಡದಂತೆ ಬಂಧಿಸಿಡುವುದು ಆಗಿನ ಪದ್ಧತಿಯಾಗಿತ್ತು. ಇದನ್ನು ಎದುರಿಸಿ ನಿಂತವಳು ಆಸ್ಟ್ರೇಲಿಯದ ದಾದಿ ಎಲಿಜಬೆತ್ ಕೆನ್ನಿ (೧೮೮೦-೧೯೫೨). ಬಿಸಿನೀರಿನಲ್ಲಿ ಹಿಂಡಿದ ಉಣ್ಣೆಬಟ್ಟೆಯ ಶಾಖ, ಬೇಗನೆ ಮೊದಲಿಡುವ ಚಲನೆ, ಮಗುವಿನ ಮನಸ್ಸನ್ನು ಆಯಾ ಸ್ನಾಯುವಿನ ಮೇಲೆ ನಿಲ್ಲಿಸಿ ಮಾಡಿಸುವ ಅಭ್ಯಾಸ, ಇವು ಈಕೆಯ ವಿಧಾನ. ೧೯೩೮ರಲ್ಲಿ ಕ್ವೀನ್ಸ್‌ಲೆಂಡಿನ ವಿಚಾರಣಾ ಮಂಡಲಿ ಇದನ್ನು ಖಂಡಿಸಿತು; ೧೯೪೦ರಲ್ಲಿ ಈಕೆ ಅಮೆರಿಕಕ್ಕೆ ಹೋದಳು; ೧೯೪೨ರಲ್ಲಿ ಮಿನಿಯಾಪೊಲಿಸ್ ನಗರದಲ್ಲಿ ಈಕೆಯ ಹೆಸರಿನ ಸಂಸ್ಥೆ ತೆರೆಯಿತು. ರೋಗದ ಸ್ವರೂಪವನ್ನು ಕುರಿತ ಈಕೆಯ ಸಿದ್ಧಾಂತ ನಿಲ್ಲಲಿಲ್ಲ; ಚಿಕಿತ್ಸಾಕ್ರಮದ ಬಹುಭಾಗ ನಿಂತಿತು. ಕಟ್ಟಿಹಾಕಿದ ಮಗುವನ್ನು ಬಿಡಿಸಿದ್ದು ಈಕೆಯ ನಿಜವಾದ ಸಾಧನೆ. ಪರಿಣಾಮ ಸರಿಯಾಗಿದ್ದು ಸಿದ್ಧಾಂತ ತಪ್ಪಾಗಿರಬಹುದೆಂಬುದಕ್ಕೆ ಕೆನ್ನಿ ಉದಾಹರಣೆಯಾದರೆ, ಸಿದ್ಧಾಂತ ಮನೋಹರವಾಗಿದ್ದು ಪರಿಣಾಮ ದೊರೆಯದ ಉದಾಹರಣೆಯನ್ನು ಮುಂದೆ ನೋಡಲಿದ್ದೇವೆ.

ಭಾರತದಲ್ಲಿ ಈ ವಿದ್ಯೆಗಳು ನೆಲೆಯೂರಿದ್ದು ಸ್ವಾತಂತ್ರ್ಯದ ವರ್ಷಗಳಲ್ಲಿ, ಮುಖ್ಯವಾಗಿ ಮುಂಬಯಿಯಲ್ಲಿ. ತಮ್ಮ ಮಗಳಿಗೆ ಪೋಲಿಯೊ ತಗುಲಿದಾಗ ಚಿಕಿತ್ಸೆಗಾಗಿ ಪರದಾಡಿದ ಫಾತಿಮಾ ಇಸ್ಮಾಯಿಲ್ ಅವರು, ಇತರ ಮಕ್ಕಳಿಗೆ ಆ ಪಾಡು ಬರಬಾರದೆಂದು ೧೯೪೭ರಲ್ಲಿ ಅಂಗವಿಕಲ ಮಕ್ಕಳ ಪುನರ್ವಸತಿಗಾಗಿ ಒಂದು ಸಂಘದ ಸ್ಥಾಪನೆಗೆ ಕಾರಣರಾದರು. ಹಾಜಿ ಅಲಿಯ ಬಳಿಯ ಮಕ್ಕಳ ಆಸ್ಪತ್ರೆ ಅದರ ಫಲ. ೧೯೫೮ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಅಮೆರಿಕದಲ್ಲಿ ಹುಟ್ಟಿ, ಭಾರತೀಯರೊಬ್ಬರನ್ನು ವಿವಾಹವಾಗಿ ಇಲ್ಲಿಗೆ ಬಂದು ನೆಲೆಸಿದ ಕಮಲಾ ನಿಂಬ್ಕರ್ ಅವರು ಫಿಲಡೆಲ್ಫಿಯದಲ್ಲಿ ಔದ್ಯೋಗಿಕ ಚಿಕಿತ್ಸೆಯನ್ನು ಕಲಿತು, ೧೯೫೦ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಈ ವಿದ್ಯೆಯ ಮೊದಲ ಶಾಲೆಯನ್ನು ತೆರೆದರು. ೧೯೫೨ರಲ್ಲಿ ಔದ್ಯೋಗಿಕ ಚಿಕಿತ್ಸಕರ ವಿಶ್ವಸಂಘ ಹುಟ್ಟಿದಾಗ ಅದರ ಸ್ಥಾಪಕ ದೇಶಗಳಲ್ಲಿ ಭಾರತವೂ ಒಂದಾಗಿತ್ತು. ೧೯೫೩ರಲ್ಲಿ ಅದೇ ಆಸ್ಪತ್ರೆಯಲ್ಲಿ ಭೌತಚಿಕಿತ್ಸೆಯ ಶಾಲೆಯೂ ಪ್ರಾರಂಭವಾಯಿತು.

ದಕ್ಷಿಣದಲ್ಲಿ ಎರಡು ಹೆಸರುಗಳು ಸ್ಮರಣೀಯ. ೧೯೫೪ರಲ್ಲಿ ವಾಹನಾಪಘಾತದಿಂದ ಸೊಂಟದ ಕೆಳಗೆ ಚಲನೆ ಕಳೆದುಕೊಂಡ ಡಾ. ಮೇರಿ ವರ್ಗೀಸ್ ಅವರು ಗಾಲಿಕುರ್ಚಿಯಲ್ಲಿ ಕುಳಿತೇ ವೈದ್ಯವೃತ್ತಿಯನ್ನು ಮುಂದುವರಿಸಿ, ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಪುನರ್ವಸತಿ ವಿಭಾಗವನ್ನು ಕಟ್ಟಿದರು; ೧೯೬೬ರಲ್ಲಿ ಅಲ್ಲಿ ಪುನರ್ವಸತಿ ಸಂಸ್ಥೆ ತೆರೆಯಿತು. ಬೆಂಗಳೂರಿನಲ್ಲಿ, ಸ್ವತಃ ಪೋಲಿಯೊಗೆ ತುತ್ತಾಗಿದ್ದ ಎನ್. ಎಸ್. ಹೇಮಾ ಅವರು ೧೯೫೯ರಲ್ಲಿ ಅಂಗವಿಕಲರ ಸಂಘವನ್ನು ಸ್ಥಾಪಿಸಿದರು. ಶಾಲೆ, ಚಿಕಿತ್ಸೆ, ಸಾಧನಗಳ ತಯಾರಿಕೆ, ತೋಟಗಾರಿಕೆಯ ಶಿಕ್ಷಣ ಇವೆಲ್ಲ ಕಾಲಕ್ರಮದಲ್ಲಿ ಆ ಸಂಸ್ಥೆಯಲ್ಲಿ ಒಂದುಗೂಡಿದವು. ಲಿಟ್ಲ್ ಮತ್ತು ಹಂಟರಲ್ಲಿ ಕಂಡ ಲಕ್ಷಣವೇ ಇಲ್ಲಿಯೂ ಕಾಣುತ್ತದೆ. ನೋವುಂಡವರು ನಡೆಸಿದ ಸಂಸ್ಥೆಗಳಲ್ಲಿ ಕೈಕಾಲಿನ ಚಿಕಿತ್ಸೆಯ ಜೊತೆಗೆ ಬದುಕಿನ ಚಿಂತನೆಯೂ ಮೊದಲಿನಿಂದಲೇ ಇತ್ತು.

೬

೧೯೫೫ರಲ್ಲಿ ಸಾಲ್ಕ್ ಲಸಿಕೆ ಬಳಕೆಗೆ ಬಂದ ಮೇಲೆ ಪಶ್ಚಿಮದ ದೇಶಗಳಲ್ಲಿ ಪೋಲಿಯೊ ಇಳಿಮುಖವಾಗಿ ಚಿಕಿತ್ಸಕರ ಗಮನ ಸೆರೆಬ್ರಲ್ ಪಾಲ್ಸಿಯತ್ತ ತಿರುಗಿತು. ಅಮೆರಿಕದ ವಿಂತ್ರಾಪ್ ಫೆಲ್ಪ್ಸ್ ೧೯೩೭ರಲ್ಲಿಯೇ ಬಾಲ್ಟಿಮೋರಿನ ಬಳಿ ಇಂಥ ಮಕ್ಕಳಿಗೆಂದು ಸಂಸ್ಥೆಯನ್ನು ಸ್ಥಾಪಿಸಿ, ಒಂದೊಂದು ಸ್ನಾಯುವಿಗೂ ಅಭ್ಯಾಸವನ್ನೂ ಅವಯವಗಳಿಗೆ ಆಧಾರಪಟ್ಟಿಗಳನ್ನೂ ಬಳಸುತ್ತಿದ್ದನು. ದೃಷ್ಟಿ ಸ್ನಾಯುವಿನಿಂದ ಮಿದುಳಿಗೆ ಸರಿಯಲು ಕಾರಣರಾದವರಲ್ಲಿ ಬರ್ತಾ ಬೊಬಾತ್ ಮತ್ತು ಕಾರೆಲ್ ಬೊಬಾತ್ ದಂಪತಿಗಳು ಮುಖ್ಯರು. ನಾಜಿಗಳ ಹಾವಳಿಯಿಂದ ತಪ್ಪಿಸಿಕೊಂಡು ಲಂಡನ್ನಿಗೆ ಬಂದ ಇವರು ೧೯೫೧ರಲ್ಲಿ ಅಲ್ಲಿ ಚಿಕಿತ್ಸಾಕೇಂದ್ರವನ್ನು ತೆರೆದರು. ಬಿಗಿತ ಬರಿಯ ಸ್ನಾಯುವಿನ ಗುಣವಲ್ಲ, ದೇಹದ ಭಂಗಿಯೊಡನೆ ಮಾರ್ಪಡುವ ಮಿದುಳಿನ ವ್ಯಾಪಾರ. ಮಗುವನ್ನು ತಕ್ಕ ರೀತಿಯಲ್ಲಿ ಹಿಡಿದು ತಿರುಗಿಸಿದರೆ ಅಸಹಜ ಚಲನೆ ತಗ್ಗಿ ಸಹಜ ಚಲನೆಗೆ ದಾರಿಯಾಗುವುದೆಂಬುದು ಇವರ ತತ್ತ್ವ. ಈ ವಿಧಾನ ಭಾರತವೂ ಸೇರಿ ಜಗತ್ತಿನ ನಾನಾ ಭಾಗಗಳಿಗೆ ಹರಡಿತು.

ಇದೇ ಕಾಲದಲ್ಲಿ ಫಿಲಡೆಲ್ಫಿಯದಲ್ಲಿ ಗ್ಲೆನ್ ಡೋಮನ್ ಮತ್ತು ಕಾರ್ಲ್ ಡೆಲಕಾಟೊ ಎಂಬವರು ಇನ್ನೊಂದು ಪದ್ಧತಿಯನ್ನು ಪ್ರಚಾರಕ್ಕೆ ತಂದರು. ಜೀವವಿಕಾಸದ ಮೆಟ್ಟಿಲುಗಳನ್ನು ಪ್ರತಿಯೊಂದು ಮಗುವೂ ಕ್ರಮವಾಗಿ ಏರಬೇಕು. ತೆವಳುವ ಮೆಟ್ಟಿಲು ತಪ್ಪಿದರೆ ಮಿದುಳು ಸಂಘಟಿತವಾಗದು. ಆದುದರಿಂದ ಹಲವರು ದೊಡ್ಡವರು ಸೇರಿ ಮಗುವಿನ ತಲೆಯನ್ನೂ ಕೈಕಾಲುಗಳನ್ನೂ ಹಿಡಿದು ತೆವಳುವ ರೀತಿಯಲ್ಲಿ ಚಲಿಸುವಂತೆ ಮಾಡಬೇಕು, ದಿನಕ್ಕೆ ಹಲವು ಸಲ, ವಾರದ ಏಳು ದಿನವೂ. ಕುಟುಂಬಗಳು ನೆರೆಹೊರೆಯವರನ್ನೆಲ್ಲ ಸರದಿಯಂತೆ ಕರೆದು ಇದನ್ನು ನಡೆಸಿದವು. ೧೯೬೮ರಲ್ಲಿ ಅಮೆರಿಕದ ಹಲವು ವೈದ್ಯಸಂಘಗಳು ಒಟ್ಟಾಗಿ ಇದರ ಹಕ್ಕೊತ್ತಾಯಗಳಿಗೆ ಆಧಾರವಿಲ್ಲವೆಂದು ಹೇಳಿದವು. ಅಮೆರಿಕದ ಶಿಶುವೈದ್ಯರ ಅಕಾಡೆಮಿ ೧೯೮೨ರಲ್ಲಿಯೂ ೧೯೯೯ರಲ್ಲಿಯೂ ಅದನ್ನೇ ಪುನರುಚ್ಚರಿಸಿ, ಕುಟುಂಬಗಳ ಮೇಲೆ ಬೀಳುವ ಹೊರೆಯನ್ನೂ ಎತ್ತಿತೋರಿಸಿತು. ಇಲ್ಲಿ ಸೋತದ್ದು ಒಂದು ಸಿದ್ಧಾಂತ ಮಾತ್ರವಲ್ಲ. ಆಡಬಹುದಾಗಿದ್ದ ಮಕ್ಕಳ ವರ್ಷಗಳು, ಅಣ್ಣತಮ್ಮಂದಿರಿಗೆ ಸಲ್ಲಬೇಕಾಗಿದ್ದ ತಾಯಂದಿರ ಗಮನ, ಇವೂ ಲೆಕ್ಕಕ್ಕೆ ಬರಬೇಕು. ಅಷ್ಟು ಶ್ರಮಪಟ್ಟೂ ಫಲ ಕಾಣದ ತಾಯಿ ತನ್ನ ಪ್ರಯತ್ನವೇ ಸಾಲದಾಯಿತೆಂದು ತನ್ನನ್ನೇ ದೂಷಿಸಿಕೊಳ್ಳುವ ಸಂಭವವಿದ್ದಿತೆಂಬುದು ಇನ್ನೂ ಕಠಿಣವಾದ ಮಾತು.

ಬೊಬಾತ್ ವಿಧಾನವನ್ನು ಇದರೊಡನೆ ಸಮೀಕರಿಸುವುದು ನ್ಯಾಯವಲ್ಲ. ಅವರು ತಮ್ಮ ವಿಚಾರಗಳನ್ನು ತಾವೇ ತಿದ್ದಿಕೊಳ್ಳುತ್ತ ಹೋದರು; ಮಗುವನ್ನು ಸೂಕ್ಷ್ಮವಾಗಿ ನೋಡುವುದನ್ನು ಒಂದು ತಲೆಮಾರಿನ ಚಿಕಿತ್ಸಕರಿಗೆ ಕಲಿಸಿದರು. ಆದರೂ ಚಿಕಿತ್ಸಕರ ಕೈಗಳೇ ಮಗುವನ್ನು ಚಲಿಸುವ ಕ್ರಮಕ್ಕಿಂತ ಮಗು ತಾನೇ ಒಂದು ಗುರಿಯನ್ನಿಟ್ಟುಕೊಂಡು ಅಭ್ಯಾಸ ಮಾಡುವ ಕ್ರಮ ಹೆಚ್ಚು ಫಲಕಾರಿಯೆಂದು, ೨೦೧೩ರಲ್ಲಿ ಆಸ್ಟ್ರೇಲಿಯದ ಅಯೋನಾ ನೊವಾಕ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಸಮೀಕ್ಷೆಯೂ ಅನಂತರದ ಸಂಶೋಧನೆಗಳೂ ತಿಳಿಸುತ್ತವೆ.

೭

ಶತಮಾನದ ಕೊನೆಯಲ್ಲಿ ಪ್ರಶ್ನೆಯ ಸ್ವರೂಪವೇ ಬದಲಾಯಿತು. ೧೯೯೭ರಲ್ಲಿ ಕೆನಡದ ಸಂಶೋಧಕರು ಸೆರೆಬ್ರಲ್ ಪಾಲ್ಸಿಯುಳ್ಳ ಮಕ್ಕಳನ್ನು ಐದು ಹಂತಗಳಲ್ಲಿ ವಿಂಗಡಿಸುವ ಮಾನವೊಂದನ್ನು ರಚಿಸಿದರು. ಬಿಗಿತ ಎಷ್ಟೆಂಬುದು ಅದರ ಆಧಾರವಲ್ಲ. ಮಗು ದಿನನಿತ್ಯ ಮನೆಯಲ್ಲಿಯೂ ಶಾಲೆಯಲ್ಲಿಯೂ ಹೇಗೆ ಓಡಾಡುತ್ತದೆಂಬುದು ಆಧಾರ. ೨೦೦೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಂಗೀಕರಿಸಿದ ವರ್ಗೀಕರಣವು ವೈಕಲ್ಯವನ್ನು ದೇಹದ ದೋಷವೆಂದು ಮಾತ್ರ ಪರಿಗಣಿಸದೆ, ದೇಹ, ಕ್ರಿಯೆ, ಸಮಾಜದಲ್ಲಿ ಭಾಗವಹಿಸುವಿಕೆ ಮತ್ತು ಪರಿಸರ ಇವುಗಳ ಪರಸ್ಪರ ಸಂಬಂಧದಿಂದ ಉಂಟಾಗುವ ಸ್ಥಿತಿಯೆಂದು ನಿರೂಪಿಸಿತು. ಮೆಟ್ಟಿಲು ಏರಲಾರದ ಮಗುವಿನ ವೈಕಲ್ಯದಲ್ಲಿ ಕಾಲಿನ ಪಾಲೂ ಇದೆ, ಮೆಟ್ಟಿಲಿನ ಪಾಲೂ ಇದೆ ಎಂಬುದು ಇದರ ಸಾರಾಂಶ.

ಹಾಗೆಂದು ಗೂಟವನ್ನು ಕಿತ್ತೆಸೆಯಬೇಕೆಂದಲ್ಲ. ಇಗ್ನೇಸಿಯೊ ಪೊನ್ಸೆಟಿ ಅಮೆರಿಕದ ಅಯೋವದಲ್ಲಿ ರೂಪಿಸಿದ, ಶಿಶುವಿನ ವಕ್ರಪಾದವನ್ನು ವಾರವಾರವೂ ಸ್ವಲ್ಪ ಸ್ವಲ್ಪವಾಗಿ ತಿರುಗಿಸಿ ಗಾರೆಯ ಕಟ್ಟಿನಲ್ಲಿಡುವ ವಿಧಾನವು ದೊಡ್ಡ ಶಸ್ತ್ರಕ್ರಿಯೆಯ ಅಗತ್ಯವನ್ನು ಬಹುಮಟ್ಟಿಗೆ ತಪ್ಪಿಸಿದೆ. ಸ್ವೀಡನ್ನಿನ ದಕ್ಷಿಣ ಭಾಗದಲ್ಲಿ ೧೯೯೪ರಲ್ಲಿ 'ಸೆರೆಬ್ರಲ್ ಪಾಲ್ಸಿ'ಯ ಮಕ್ಕಳ ಸೊಂಟದ ಕೀಲನ್ನು ಕಾಲಕಾಲಕ್ಕೆ ಪರೀಕ್ಷಿಸುವ ಏರ್ಪಾಡು ಮೊದಲಾದ ಮೇಲೆ ಕೀಲು ಜಾರುವ ನೋವಿನ ಪ್ರಸಂಗಗಳು ಅತಿ ವಿರಳವಾದವು. ದೇಹವನ್ನು ಅಲಕ್ಷಿಸಿ ಬದುಕನ್ನು ಸರಿಪಡಿಸಲಾಗದು. ಆದರೆ ದೇಹವನ್ನು ತಿದ್ದುವುದು ಬದುಕಿಗಾಗಿ, ತಿದ್ದುವುದಕ್ಕಾಗಿಯೇ ಅಲ್ಲ ಎಂಬ ವಿವೇಕ ಹೊಸದು.

ಒಂದು ಸಣ್ಣ ಲೆಕ್ಕ ಇದನ್ನು ಸ್ಪಷ್ಟಪಡಿಸುತ್ತದೆ. ವಾರಕ್ಕೆ ಎರಡು ಸಲ ಅರ್ಧ ಗಂಟೆಯ ಚಿಕಿತ್ಸೆ ದೊರೆತರೆ ಅದು ವಾರಕ್ಕೆ ಒಂದು ಗಂಟೆಯಾಯಿತು. ದಿನಕ್ಕೆ ಹನ್ನೆರಡು ಗಂಟೆ ಎಚ್ಚರವಾಗಿರುವ ಮಗುವಿಗೆ ವಾರದಲ್ಲಿ ೮೪ ಗಂಟೆಗಳಿವೆ. ಉಳಿದ ೮೩ ಗಂಟೆಗಳು ಮನೆಯವು, ಶಾಲೆಯವು. ಆದುದರಿಂದ ಚಿಕಿತ್ಸೆ ಆ ಗಂಟೆಗಳೊಳಗೆ ಹೊಕ್ಕು ಬೆರೆಯಬೇಕು. ನಮ್ಮ ಮನೆಗಳಲ್ಲಿ ಅಜ್ಜಿಯು ಕಾಲು ಚಾಚಿ ಕುಳಿತು ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ಎರೆಯುವ ಹೊತ್ತು ಇಂಥದೊಂದು ಅವಕಾಶ. ಕೂಸಿನ ತೊಡೆ ಬಿಗಿಯುವುದನ್ನೋ, ಒಂದು ಕೈ ಸದಾ ಮುಷ್ಟಿಯಾಗಿರುವುದನ್ನೋ ಮೊದಲು ಕಾಣಬಲ್ಲವಳು ಆ ಅಜ್ಜಿಯೇ. ನುರಿತ ಪರೀಕ್ಷೆಯಿಂದ ಆರು ತಿಂಗಳೊಳಗೇ ಈ ಸ್ಥಿತಿಯನ್ನು ಬಹುಮಟ್ಟಿಗೆ ಗುರುತಿಸಬಹುದೆಂದು ಈಗ ತಿಳಿದಿರುವಾಗ, 'ಕೆಲವು ಮಕ್ಕಳು ನಿಧಾನ, ತಾನೇ ಸರಿಹೋಗುತ್ತದೆ' ಎಂದು ಎರಡು ವರ್ಷ ಕಾಯುವುದು ಅಮೂಲ್ಯವಾದ ಕಾಲವನ್ನು ಕಳೆದುಕೊಂಡಂತೆ.

ಗುರಿಗಳೂ ನಮ್ಮ ನೆಲದವೇ ಆಗಬೇಕು. ಕುರ್ಚಿ, ಮೇಜು, ಚಮಚಗಳ ದೇಶದಲ್ಲಿ ಬರೆದ ಪಾಠವು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ, ಕೈಯಿಂದ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗುವ ಮನೆಗೆ ನೇರವಾಗಿ ಹೊಂದದು. ತನ್ನ ತಟ್ಟೆಯ ಅನ್ನವನ್ನು ತಾನೇ ಕಲಸಿ ಉಣ್ಣುವುದನ್ನು ಕಲಿತ ಮಗು, ಆ ಕ್ರಿಯೆಯಲ್ಲಿ ಬೆರಳುಗಳಿಗೆ ಬೇಕಾದ ಸಾಧನೆಯನ್ನೂ ಪಂಕ್ತಿಯಲ್ಲಿ ತನ್ನ ಸ್ಥಾನವನ್ನೂ ಏಕಕಾಲದಲ್ಲಿ ಪಡೆಯುತ್ತದೆ. ಎರಡು ಗೋಡೆ ಸೇರುವ ಮೂಲೆ ಅದಕ್ಕೆ ಬೆನ್ನಾಸರೆಯಾಗಬಹುದು. ಸುತ್ತಿದ ಕಂಬಳಿ ದಿಂಬಾಗಬಹುದು. ಮಗುವಿಗೆ ಯಾವುದು ಆಸರೆ, ಯಾವುದು ಬಂಧನ ಎಂದು ಅಳೆದು ಹೇಳುವುದು ಚಿಕಿತ್ಸಕನ ವಿದ್ಯೆ.

೮

ನಮ್ಮ ನಾಡಿನಲ್ಲಿ ಈ ದಿಕ್ಕಿನ ಪ್ರಯತ್ನಗಳು ಇಲ್ಲದಿಲ್ಲ. ೧೯೭೨ರಲ್ಲಿ ಮುಂಬಯಿಯಲ್ಲಿ ಮಿಥು ಅಲೂರ್ ಅವರು ಸೆರೆಬ್ರಲ್ ಪಾಲ್ಸಿಯುಳ್ಳ ಮಕ್ಕಳಿಗಾಗಿ ಶಿಕ್ಷಣವನ್ನೂ ಚಿಕಿತ್ಸೆಯನ್ನೂ ಒಂದೇ ಸೂರಿನಡಿ ತಂದರು. ೧೯೮೦ರಲ್ಲಿ ಬೆಂಗಳೂರಿನಲ್ಲಿ ಸ್ಪ್ಯಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಸ್ಥಾಪಿತವಾಯಿತು. ೨೦೧೧ರ ಜನವರಿಯ ಅನಂತರ ಭಾರತದಲ್ಲಿ ಕಾಡು ಪೋಲಿಯೊ ವೈರಾಣುವಿನ ಒಂದು ಪ್ರಕರಣವೂ ಕಂಡುಬಂದಿಲ್ಲ. ೨೦೧೩ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಮಕ್ಕಳ ಬೆಳವಣಿಗೆಯ ಕುಂದುಗಳನ್ನು ಬೇಗನೆ ಗುರುತಿಸಲು ಜಿಲ್ಲಾಕೇಂದ್ರಗಳನ್ನು ಕಲ್ಪಿಸಿತು. ೨೦೧೬ರ ಕಾನೂನು ವೈಕಲ್ಯಗಳ ಪಟ್ಟಿಯನ್ನು ಏಳರಿಂದ ಇಪ್ಪತ್ತೊಂದಕ್ಕೆ ಹೆಚ್ಚಿಸಿತು. ಸರ್ಕಾರದ ಮತ್ತು ಸರ್ಕಾರದ ನೆರವು ಪಡೆವ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ನೂರಕ್ಕೆ ಐದಕ್ಕೆ ಕಡಿಮೆಯಿಲ್ಲದ ಸ್ಥಾನಗಳನ್ನು ಮೀಸಲಿಡಬೇಕೆಂದು ವಿಧಿಸಿತು.

ಈ ಕೊನೆಯ ಅಂಶ ಅಧ್ಯಾಪಕರಾದ ನಮಗೆ ನೇರವಾಗಿ ಸಂಬಂಧಿಸಿದುದು. ಮೂರನೆಯ ವರ್ಷದಲ್ಲಿ ಬಳಪ ಹಿಡಿಯಲು ಕಲಿತ ಮಗು ಹದಿನೆಂಟನೆಯ ವರ್ಷದಲ್ಲಿ ಕಾಲೇಜಿನ ಬಾಗಿಲಿಗೆ ಬಂದು ನಿಲ್ಲುತ್ತದೆ. ಅಲ್ಲಿಯವರೆಗೆ ತಾಯಿ ಎತ್ತಿಕೊಂಡು ನಡೆದದ್ದು, ಚಿಕಿತ್ಸಕರು ದುಡಿದದ್ದು, ಆ ವಿದ್ಯಾರ್ಥಿ ತಾನೇ ಬೆವರು ಸುರಿಸಿದ್ದು, ಇವೆಲ್ಲ ಗ್ರಂಥಾಲಯದ ಮೂರು ಮೆಟ್ಟಿಲುಗಳ ಮುಂದೆ ವ್ಯರ್ಥವಾಗಬಹುದು. ಪರೀಕ್ಷೆಯಲ್ಲಿ ಬರೆಯಲು ಹೆಚ್ಚಿನ ಸಮಯ ನಿರಾಕರಿಸುವ ಒಂದು ಮಾತಿನ ಮುಂದೆಯೂ ವ್ಯರ್ಥವಾಗಬಹುದು.

ಆಂದ್ರಿಯ ಚಿತ್ರದಲ್ಲಿ ಗೂಟವಿದೆ, ಹಗ್ಗವಿದೆ, ಮರವಿದೆ. ಮರ ನಿಂತಿರುವ ನೆಲ ಗಮನಕ್ಕೆ ಬರುವುದಿಲ್ಲ. ಸುಮಾರು ಮುನ್ನೂರು ವರ್ಷಗಳ ಈ ಇತಿಹಾಸದ ಪಾಠವನ್ನು ಒಂದು ಮಾತಿನಲ್ಲಿ ಹೇಳುವುದಾದರೆ, ಹಗ್ಗವನ್ನು ಎಲ್ಲಿ ಕಟ್ಟಬೇಕು, ಎಲ್ಲಿ ಬಿಚ್ಚಬೇಕೆಂಬುದನ್ನು ಕಲಿಯುತ್ತ ಕಲಿಯುತ್ತ ಚಿಕಿತ್ಸಕರು ನೆಲವನ್ನೂ ನೋಡಲು ಕಲಿತರು. ಆ ನೆಲದ ಒಂದು ಭಾಗ ನಮ್ಮ ವಿದ್ಯಾಲಯಗಳ ಅಂಗಳದಲ್ಲಿದೆ. ಅದನ್ನು ಹದಗೊಳಿಸುವ ಕಾರ್ಯ ಚಿಕಿತ್ಸಕರದಲ್ಲ, ನಮ್ಮದು.